ಆರು ಹತ್ತರ ನಾಯಿ

ಲೇಲ್ಯಾಂಡ್ ಡ್ರೇಗರ್ ತನ್ನ ಜನ್ಮದಲ್ಲಿ ಬಸ್ಸಿನ ಸ್ಟೀರಿಂಗ್ ಮುಟ್ಟಿದವನಲ್ಲ. ಆದರೂ ಊರಿನ ಬಸ್ಸುಗಳೆಲ್ಲ ತನ್ನ ಪೆನ್ಸಿಲಿನ ತುದಿಯಲ್ಲಿ ಓಡುತ್ತಿದ್ದವು ಎಂಬ ಠೇಂಕಾರ ಅವನಿಗೆ ಇವತ್ತಿಗೂ ಹೋಗಿಲ್ಲ. ಮಿಲ್ವಾಕಿಯಲ್ಲಿ ಮೂವತ್ತನಾಲ್ಕು ವರ್ಷ ಕಚೇರಿಯ ಕುರ್ಚಿಯಲ್ಲಿ ಕೂತು ಅವನು ಮಾಡಿದ ಕೆಲಸ ಒಂದೇ: ಯಾವ ಬಸ್ಸು ಯಾವ ನಿಲ್ದಾಣಕ್ಕೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬರಬೇಕೆಂದು ಬರೆಯುವುದು. ಮೊಣಕಾಲುದ್ದ ಹಿಮ ಬಿದ್ದು ಬಸ್ಸು ತಡವಾದರೆ ತಪ್ಪು ಹಿಮದ್ದು, ಇಲ್ಲವೇ ಡ್ರೈವರನದು, ಇಲ್ಲವೇ ಚಿಲ್ಲರೆ ಹುಡುಕುತ್ತ ಬಾಗಿಲಲ್ಲಿ ನಿಂತ ಮುದುಕಿಯದು. ವೇಳಾಪಟ್ಟಿಯದಂತೂ ಎಂದೂ ಅಲ್ಲ. ಇಂಥವನು ನಿವೃತ್ತನಾಗಿ ನಮ್ಮ ಹಾರ್ಬರ್ ಆರ್ಮ್ಸ್ ಕಟ್ಟಡದ ಏಳನೇ ಮಹಡಿಗೆ ಬಂದು ವಕ್ಕರಿಸಿಕೊಂಡ.

ನಾನು ರೋಂಡಾ. ಹತ್ತೊಂಬತ್ತು ವರ್ಷದಿಂದ ಈ ಕಟ್ಟಡದ ಉಸ್ತುವಾರಿ ನನ್ನದು. ನೆಲಮಹಡಿಯಲ್ಲಿ, ಅಂಚೆ ಡಬ್ಬಗಳ ಹಿಂದಿನ ಎರಡು ಕೋಣೆಯಲ್ಲಿ ನನ್ನ ವಾಸ. ಸೋರುವ ನಲ್ಲಿಗೂ ಕಟ್ಟಿಕೊಂಡ ಸಿಂಕಿಗೂ ತಣ್ಣಗಾದ ಬಾಯ್ಲರಿಗೂ ಜನ ನನ್ನ ಬಾಗಿಲನ್ನೇ ಬಡಿಯುತ್ತಾರೆ. ಬಾಡಿಗೆಗೆ ಬರುವವರಲ್ಲಿ ಕುಡುಕರನ್ನು ಸಹಿಸಬಹುದು, ಜಗಳಗಂಟರನ್ನೂ ಸಹಿಸಬಹುದು. ಬಂದ ವಾರಕ್ಕೇ ಎಲ್ಲರನ್ನೂ ತಿದ್ದಲು ಹೊರಡುವವನನ್ನು ಮಾತ್ರ ನನ್ನಿಂದ ಸಹಿಸಲಾಗದು. ಲೇಲ್ಯಾಂಡನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೆ ನಾನು ಹೋದವಳೂ ಅಲ್ಲ.

ಅವನ ಹೆಂಡತಿ ಆರ್ಲೀನ್ ಮೊದಲ ಚಳಿಗಾಲದಲ್ಲೇ ಅರಿಜೋನಾದ ತಂಗಿಯ ಮನೆಗೆ ಹೊರಟವಳು ತಿರುಗಿ ಬರಲಿಲ್ಲ. ಹೊರಡುವ ದಿನ ಕೀಲಿ ಒಪ್ಪಿಸಲು ನನ್ನ ಬಾಗಿಲಿಗೆ ಬಂದಿದ್ದಳು.

“ನಲವತ್ತೊಂದು ವರ್ಷ ಸಂಜೆ ಐದೂ ಮೂವತ್ತೈದಕ್ಕೆ ಊಟ ಮಾಡಿದೀನಿ ಕಣೇ ರೋಂಡಾ,” ಅಂದಳು. “ಇನ್ನು ಮೇಲಾದ್ರೂ ಹಸಿವಾದಾಗ ತಿಂತೀನಿ.”

ಅವಳು ಹೋಗಿ ತಿಂಗಳಾಗುವಷ್ಟರಲ್ಲಿ ಲೇಲ್ಯಾಂಡ್ ಅನಾಥ ಪ್ರಾಣಿಗಳ ಆಶ್ರಯದಿಂದ ಒಂದು ನಾಯಿ ತಂದ. ನೆಲ ಗುಡಿಸುವಷ್ಟು ಉದ್ದದ ಕಿವಿ, ಗೇಣುದ್ದದ ಕಾಲು, ಮರಣದಂಡನೆ ಓದಲು ಕೂತಂತೆ ಜೋತುಬಿದ್ದ ಮುಖ. ಆಶ್ರಯದವರು ಅದಕ್ಕೆ ಜಡ್ಜ್ ಎಂದು ಹೆಸರಿಟ್ಟಿದ್ದರು. ಹೆಂಡತಿ ಮಾತು ಕೇಳಲಿಲ್ಲ, ನಾಯಿಯಾದರೂ ಕೇಳಲಿ ಎಂದು ತಂದಿದ್ದಾನೆ ಎಂದು ನಾನು ಕಂಡಕಂಡವರಿಗೆ ಹೇಳಿ ನಗುತ್ತಿದ್ದೆ.

ನಾಯಿ ಕೇಳಿತು. ಒಮ್ಮೆ ಅವನ ಅಡುಗೆಮನೆಯ ನಲ್ಲಿ ಬಿಗಿಮಾಡಲು ಹೋದಾಗ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಪಟ್ಟಿ ನೋಡಿದೆ. ಬೆಳಿಗ್ಗೆ ಆರು ಹತ್ತಕ್ಕೆ ಹೊರಗೆ. ಆರು ನಲವತ್ತಕ್ಕೆ ಊಟ. ಏಳರಿಂದ ಏಳೂ ಇಪ್ಪತ್ತರವರೆಗೆ ಕಿಟಕಿಯಲ್ಲಿ ಕೂತು ಬೀದಿ ನೋಡುವುದು. ಮಧ್ಯಾಹ್ನ ಹನ್ನೆರಡೂ ಐದಕ್ಕೆ ಮತ್ತೆ ಹೊರಗೆ. ಸಂಜೆ ಚೆಂಡಾಟ, ಹನ್ನೆರಡು ನಿಮಿಷ. ಎಂಟೂಕಾಲಿನಿಂದ ಎಂಟೂ ಇಪ್ಪತ್ತೈದರವರೆಗೆ ಮುದ್ದು. ಕೈಗಡಿಯಾರ ನೋಡಿಕೊಂಡು ಮುದ್ದು ಮಾಡುವವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಾಗಿಲ ಹಿಡಿಗೆ ಒಂದು ಸರ ಗೆಜ್ಜೆ ಕಟ್ಟಿದ್ದ. ಹೊರಗೆ ಹೋಗಬೇಕಾದಾಗ ಜಡ್ಜ್ ಮೂಗಿನಿಂದ ಅದನ್ನು ಅಲ್ಲಾಡಿಸುತ್ತಿತ್ತು, ಅದೂ ಸರಿಯಾಗಿ ಆರು ಹತ್ತಕ್ಕೆ. ಹೊಟ್ಟೆಕಿಚ್ಚಿಲ್ಲದೆ ಹೇಳಬೇಕೆಂದರೆ, ಬಂದಾಗ ಲಿಫ್ಟಿನ ಸದ್ದಿಗೇ ಗಡಗಡ ನಡುಗಿ ಸೋಫಾದಡಿ ತೂರಿಕೊಳ್ಳುತ್ತಿದ್ದ ಆ ಪ್ರಾಣಿ ಆರು ತಿಂಗಳಲ್ಲಿ ನೆಮ್ಮದಿಯಾಗಿ ಕಾಲು ಚಾಚಿ ಮಲಗುವುದನ್ನು ಕಲಿತಿತ್ತು. ಆದರೆ ಹೊಟ್ಟೆಕಿಚ್ಚಿಲ್ಲದೆ ಮಾತಾಡುವ ಅಭ್ಯಾಸ ನನಗಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅವನ ಪಾಡಿಗೆ ಅವನಿರುತ್ತಿದ್ದ. ಒಂದು ನಾಯಿ ಮಾತು ಕೇಳಿದ್ದೇ ತಡ, ಅವನ ತಲೆ ತಿರುಗಿತು. ‘ಫ್ಲ್ಯಾಟಿನ ಪ್ರಾಣಿಗೆ ಗಡಿಯಾರವೇ ಅಂಗಳ’ ಎಂದು ಹನ್ನೊಂದು ಪುಟ ಬರೆದು, ನಲವತ್ತನಾಲ್ಕು ಮನೆಗಳ ಬಾಗಿಲಡಿ ತೂರಿಸಿದ. ಅದರಲ್ಲಿ ಬೆಕ್ಕಿಗೂ ಪಟ್ಟಿ, ಗಿಳಿಗೂ ಪಟ್ಟಿ, ಗಾಜಿನ ತೊಟ್ಟಿಯ ಆಮೆಗೂ ಪಟ್ಟಿ. ಕೆಳಗಿನ ಮನೆಯ ಫೆನ್ಸ್ಕೆಗೆ ಎರಡು ಬೆಕ್ಕು. ಅವನನ್ನು ಲಿಫ್ಟಿನಲ್ಲಿ ಅಡ್ಡಹಾಕಿ, ಬೆಕ್ಕಿನ ಕಕ್ಕಸಿನ ಮಣ್ಣನ್ನು ದಿನಕ್ಕೆ ಎರಡು ಸಲ ನಿಗದಿತ ಹೊತ್ತಿಗೆ ಬದಲಿಸದಿದ್ದರೆ ಬೆಕ್ಕಿನ ಮನಸ್ಸು ಕೆಡುತ್ತದೆ ಎಂದು ಆರು ಮಹಡಿ ಇಳಿಯುವವರೆಗೂ ಕೊರೆದ. ಫೆನ್ಸ್ಕೆ ನನ್ನ ಬಳಿ ಬಂದು, “ಬೆಕ್ಕಿನ ಮನಸ್ಸು ಹಾಳಾಗ್ಲಿ, ನನ್ನ ಮನಸ್ಸು ಕೆಡಿಸ್ಬಿಟ್ಟ ಆ ಮುಂಡೇದು,” ಎಂದು ಹಲ್ಲು ಕಡಿದ.

ಆಮೇಲೆ ಸಾಕುಪ್ರಾಣಿ ಸಮಿತಿ ಹುಟ್ಟಿತು. ಅಧ್ಯಕ್ಷ ಲೇಲ್ಯಾಂಡ್. ಸದಸ್ಯರೂ ಅವನೊಬ್ಬನೇ, ಬೇರೆ ಯಾರೂ ಸಭೆಗೆ ಹೋಗಲಿಲ್ಲ. ಹೋಗದ ತಪ್ಪಿಗೆ ನಾವೆಲ್ಲ ದಂಡ ತೆತ್ತೆವು. ಅವನು ಬರೆದ ನಿಯಮಗಳಿಗೆ ಮಾಲೀಕರ ಕಡೆಯ ಮ್ಯಾನೇಜರ್ ಕಣ್ಣುಮುಚ್ಚಿ ಸಹಿ ಹಾಕಿದ. ಪ್ರಾಣಿಗಳು ಹಿಂದಿನ ಲಿಫ್ಟಿನಲ್ಲಿ ಮಾತ್ರ ಹೋಗಬೇಕು, ಅದೂ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರೊಳಗೆ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಸದ್ದು ಮಾಡುವ ಪ್ರಾಣಿಯ ಮೇಲೆ ಯಾರು ಬೇಕಾದರೂ ದೂರು ಬರೆಯಬಹುದು. ಮೂರು ದೂರಾದರೆ ಹತ್ತು ದಿನದೊಳಗೆ ಪ್ರಾಣಿ ಕಟ್ಟಡ ಬಿಡಬೇಕು. ದೂರಿನ ಪುಸ್ತಕ ನನ್ನ ಮೇಜಿನ ಮೇಲೆ. ಯಾರೂ ಹಾಳೆ ಹರಿಯಬಾರದೆಂದು ಅದರ ಪುಟಪುಟಕ್ಕೂ ಅವನೇ ಕೂತು ಅಂಕಿ ಹಾಕಿದ್ದ.

ಆ ಪುಸ್ತಕದ ಮೊದಲ ಬಲಿ ಬಿಸ್ಕೆಟ್. ಲೇಲ್ಯಾಂಡನ ಪಕ್ಕದ ಮನೆಯ ಹೇಜಲ್ ಟಾಮ್ಚಾಕಳ ಪುಟ್ಟ ಬಿಳಿ ನಾಯಿ. ಹೇಜಲಳಿಗೆ ಎಪ್ಪತ್ತೊಂಬತ್ತು. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿದು ಬಡಿಸುತ್ತಾರಲ್ಲ, ಅಲ್ಲಿ ಇಪ್ಪತ್ತಾರು ವರ್ಷದಿಂದ ಎಣ್ಣೆಯ ಬಾಣಲೆ ಆಕೆಯದೇ. ಶುಕ್ರವಾರ ಸಂಜೆ ಆಕೆ ಏಪ್ರನ್ ಮಡಚಿಕೊಂಡು ಹೊರಟರೆ ಬಿಸ್ಕೆಟ್ ಬಾಗಿಲ ಹಿಂದೆ ಕೂತು ಬೊಗಳುತ್ತಿತ್ತು. ಗೋಡೆಯ ಆಚೆ ಲೇಲ್ಯಾಂಡ್ ಕೈಗಡಿಯಾರ ಹಿಡಿದು ಕೂತಿರುತ್ತಿದ್ದ. ಮೊದಲ ಶುಕ್ರವಾರ ಹದಿನಾಲ್ಕು ನಿಮಿಷ. ಎರಡನೆಯದಕ್ಕೆ ಹದಿನೇಳು. ಮೂರನೆಯದಕ್ಕೆ ಹನ್ನೊಂದು. ಮೂರೂ ದೂರು ಅವನವೇ, ಅಚ್ಚುಕಟ್ಟಾದ ಅಕ್ಷರದಲ್ಲಿ.

“ಒಂದ್ಮಾತು ಹೇಳಿದ್ರೆ ನಾನು ಕರ್ಕೊಂಡೇ ಹೋಗ್ತಿದ್ನಲ್ಲೇ,” ಎಂದಷ್ಟೇ ಹೇಜಲ್ ನನಗೆ ಹೇಳಿದ್ದು. ಬಿಸ್ಕೆಟ್ ಶೆಬಾಯ್ಗನ್ ಊರಿನಲ್ಲಿದ್ದ ಆಕೆಯ ಅಣ್ಣನ ಮಗನ ಮನೆಗೆ ಹೋಯಿತು. ಹೋದಾಗಿನಿಂದ ತಟ್ಟೆ ಮುಟ್ಟಲಿಲ್ಲ. ಆರನೇ ವಾರ ಸತ್ತಿತು. ಹೇಜಲ್ ಅದರ ಹಗ್ಗವನ್ನು ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ತೂಗುಬಿಟ್ಟಳು.

ಈಗ ನವೆಂಬರಿಗೆ ಬರುತ್ತೇನೆ. ನವೆಂಬರಿನ ಮೊದಲ ಭಾನುವಾರ, ಚಳಿಗಾಲದ ಬೆಳಕಿನ ಲೆಕ್ಕಕ್ಕೆಂದು, ನಾವು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತೇವೆ. ನಮಗೆ ಒಂದು ಗಂಟೆ ಹೆಚ್ಚು ನಿದ್ದೆ. ಪ್ರಾಣಿಗಳಿಗೆ ಯಾರೂ ಹೇಳುವುದಿಲ್ಲ. ನಿನ್ನೆ ಆರು ಹತ್ತಕ್ಕೆ ಬಂದ ಉಚ್ಚೆ ಇವತ್ತು ಐದು ಹತ್ತಕ್ಕೇ ಬರುತ್ತದೆ. ಅದಕ್ಕೇ ಸಾಮಾನ್ಯ ಬುದ್ಧಿ ಇರುವವರು ವಾರ ಮುಂಚಿನಿಂದ ದಿನಕ್ಕೆ ಹತ್ತು ನಿಮಿಷ ಸರಿಸುತ್ತ ಬರುತ್ತಾರೆ. ಲೇಲ್ಯಾಂಡನ ಒಂಬತ್ತನೇ ಪುಟ ಅದನ್ನು ‘ಮುದ್ದಿನ ಮೂರ್ಖತನ’ ಎಂದು ಜರೆದಿತ್ತು. ಪ್ರಾಣಿ ಗಡಿಯಾರಕ್ಕೆ ಹೊಂದಬೇಕು, ಗಡಿಯಾರ ಪ್ರಾಣಿಗಲ್ಲ, ಮೂರು ದಿನ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು, ಎಂದಿತ್ತು. ಹಿಂದಿನ ವರ್ಷಗಳಲ್ಲಿ ಜಡ್ಜ್ ಹೇಗೋ ತಡೆದುಕೊಂಡಿತ್ತು. ಈ ವರ್ಷ ಅದಕ್ಕೆ ಹನ್ನೆರಡಾಗಿತ್ತು, ಹೃದಯ ಸೋತಿತ್ತು. ಮೈಯ ನೀರಿಳಿಸಲು ವೈದ್ಯರು ಮಾತ್ರೆ ಕೊಟ್ಟಿದ್ದರು. ಆ ಮಾತ್ರೆ ನುಂಗಿ ಉಚ್ಚೆ ತಡೆಯಲಾಗದ ಮುದಿ ನಾಯಿಗೆ ಒಂಬತ್ತನೇ ಪುಟ ಓದಿ ಹೇಳಿದರೆ ಏನು ಬಂತು?

ಭಾನುವಾರ ಐದು ಹತ್ತಕ್ಕೆ ಏಳನೇ ಮಹಡಿಯಲ್ಲಿ ಗೆಜ್ಜೆ ಅಲ್ಲಾಡಿತು. ಬಾಗಿಲು ತೆರೆಯಲಿಲ್ಲ. ಜಡ್ಜ್ ಊಳಿಡಲು ಶುರುಮಾಡಿತು. ಆ ಜಾತಿಯ ನಾಯಿ ಬೊಗಳುವುದಿಲ್ಲ, ಸತ್ತವರ ಮನೆಯವರಂತೆ ರಾಗ ಎಳೆಯುತ್ತದೆ. ಫೆನ್ಸ್ಕೆ ಪೈಜಾಮದಲ್ಲೇ ಕೆಳಗೆ ಬಂದ.

“ಎಲ್ಲಿ ಆ ಪುಸ್ತಕ? ಪೆನ್ನೂ ಕೊಡಿ. ನನ್ನ ಬೆಕ್ಕುಗಳಿಗೆ ಪಾಠ ಹೇಳೋಕೆ ಬಂದಿದ್ನಲ್ಲ! ಇಪ್ಪತ್ತೆರಡು ನಿಮಿಷ ಆಯ್ತು, ಅವನಿಗಿಂತ ಸರಿಯಾಗಿ ಎಣಿಸಿದೀನಿ.”

ಬರೆದು ಕೆಳಗೆ ಎರಡು ಗೆರೆ ಎಳೆದ. ನಾನು ಅವನಿಗೆ ಕಾಫಿ ಕೊಟ್ಟೆ. ಇಬ್ಬರೂ ಹಬ್ಬದಂತೆ ನಕ್ಕೆವು.

ಸೋಮವಾರ ಮತ್ತೆ ಐದು ಹತ್ತಕ್ಕೆ ರಾಗ. ಫೆನ್ಸ್ಕೆ ಕೆಲಸಕ್ಕೆ ಬೇಗ ಹೋಗಿದ್ದ. ಪುಸ್ತಕ ಖಾಲಿ ಬಿಡಲು ಮನಸ್ಸಾಗಲಿಲ್ಲ. ನಾನೇ ಪೆನ್ನು ತೆಗೆದು ಬರೆದೆ: ‘ಇಪ್ಪತ್ತಾರು ನಿಮಿಷ. ಅಸಹನೀಯ.’ ಆಮೇಲೆ ಸುದ್ದಿ ಮುಟ್ಟಿಸಲು ಮೇಲೆ ಹೋದೆ. ಮಧ್ಯೆ ಬಾಯ್ಲರ್ ನೋಡುವುದಿತ್ತು, ಅದನ್ನೂ ಬಿಟ್ಟು ಹೋದೆ.

ಬಾಗಿಲು ತೆರೆದ ಲೇಲ್ಯಾಂಡ್ ಗಡ್ಡ ಹೆರೆದಿರಲಿಲ್ಲ. ನೆಲಕ್ಕೆಲ್ಲ ಹಳೇ ಪತ್ರಿಕೆ ಹಾಸಿದ್ದ. ಜಡ್ಜ್ ಅದರ ಮೇಲೆ ಕಾಲಿಡದೆ, ಬಾಗಿಲಿಗೆ ಮೂಗು ಒತ್ತಿಕೊಂಡು ನಿಂತಿತ್ತು. ಮನೆಯೊಳಗೆ ಮಾಡಬಾರದೆಂದು ಅವನೇ ಕಲಿಸಿದ್ದನಲ್ಲ.

“ಎರಡಾಯ್ತು, ಡ್ರೇಗರ್ ಅವ್ರೇ,” ಅಂದೆ.

“ಯಾರು ಬರೆದ್ರು?”

“ನಾನೇ.”

ಅವನು ತಲೆಯಾಡಿಸಿದ. “ಎಷ್ಟು ನಿಮಿಷ?”

“ಇಪ್ಪತ್ತಾರು.”

“ಇಪ್ಪತ್ತೇಳು,” ಅಂದ. “ನಾನೂ ನೋಡ್ತಿದ್ದೆ.”

ಅಲ್ಲೂ ತಿದ್ದಿದ! ನನಗೆ ರೇಗಿತು. “ಸ್ವಾಮೀ, ಆ ಮೂಕಪ್ರಾಣಿನ ಐದು ಗಂಟೆಗೇ ಕೆಳಗೆ ಕರ್ಕೊಂಡು ಹೋಗೋಕೇನು ರೋಗ ನಿಮ್ಗೆ? ಲಿಫ್ಟ್ ಇದೆ. ನಾನು ಕಣ್ಣು ಮುಚ್ಕೋತೀನಿ.”

“ಆರು ಗಂಟೆಗೆ ಮುಂಚೆ ಪ್ರಾಣಿ ಲಿಫ್ಟಲ್ಲಿ ಹೋಗ್ಬಾರ್ದು.”

“ಆ ನಿಯಮ ಮಾಡಿದ್ದು ನೀವೇ ಅಲ್ವೇನ್ರೀ!”

“ಅದಕ್ಕೇ,” ಅಂದ. ಪಕ್ಕದ ಗೋಡೆಯ ಕಡೆ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, “ಆಯಮ್ಮಂಗೆ ಒಂದು ನಿಯಮ, ನಂಗೊಂದು ನಿಯಮ ಅಂದ್ರೆ ಹೇಗೆ? ನಾಳೆಗೆ ಮೂರನೇ ದಿನ. ನಾಳೆ ಸರಿಹೋಗುತ್ತೆ. ಒಂಬತ್ತನೇ ಪುಟದಲ್ಲಿದೆ,” ಅಂದ.

ಇನ್ನೊಂದು ದೂರು ಬಂದರೆ ಜಡ್ಜ್ ಹೋಗಬೇಕು. ಹನ್ನೆರಡು ವರ್ಷದ ರೋಗಿಷ್ಠ ನಾಯಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಆಶ್ರಯದವರು ಸೂಜಿ ಚುಚ್ಚಿ ಮುಗಿಸುತ್ತಾರೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚೆನ್ನಾಗಿ ಆಯ್ತು ಎಂದುಕೊಂಡು ಲಿಫ್ಟ್ ಹತ್ತಿದೆ.

ಮೂರನೆಯದನ್ನು ಹೇಜಲ್ ಬರೆಯಬೇಕು ಎಂಬುದು ನನ್ನ ಆಸೆ. ಗೋಡೆ ಆಕೆಯದು, ಹಕ್ಕು ಆಕೆಯದು. ಭಾನುವಾರ ಆಕೆ ಚರ್ಚಿಗೆ ಹೊರಟಾಗಲೂ ಸೋಮವಾರ ಅಂಚೆ ತೆಗೆಯಲು ಬಂದಾಗಲೂ ಪುಸ್ತಕವನ್ನು ಮುಂದೆ ಸರಿಸಿದ್ದೆ.

“ನಿಮ್ಮ ಗೋಡೆಗೆ ಕೇಳಿಸಲ್ವಾ ಆ ರಾಗ?”

“ಕೇಳಿಸುತ್ತೆ,” ಅಂದಿದ್ದಳು ಹೇಜಲ್.

“ಮತ್ತೆ ಬರೀರಿ. ಒಂದೇ ಸಾಲು. ಬಿಸ್ಕೆಟ್‌ಗೋಸ್ಕರ ಬರೀರಿ.”

“ಯೋಚ್ನೆ ಮಾಡ್ತಿದೀನಿ ತಾಯಿ. ನಂಗೆ ಅವಸರ ಮಾಡ್ಬೇಡ,” ಎಂದು ಬಿಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು.

ಮಂಗಳವಾರ ಐದು ಗಂಟೆಗೇ ನಾನು ಪೊರಕೆ ಹಿಡಿದು ಮುಂಬಾಗಿಲ ಎಲೆ ಗುಡಿಸುತ್ತಿದ್ದೆ. ಕಿವಿ ಮಾತ್ರ ಮೇಲಿತ್ತು. ಐದು ಹತ್ತಾಯಿತು. ರಾಗವಿಲ್ಲ. ಒಂಬತ್ತನೇ ಪುಟ ನಿಜವಾಗಿಬಿಟ್ಟಿತಲ್ಲ ಎಂದು ಪೊರಕೆಯನ್ನು ನೆಲಕ್ಕೆ ಕುಟ್ಟಿದೆ. ಅಷ್ಟರಲ್ಲಿ ಮೆಟ್ಟಿಲಸಾಲಿನಲ್ಲಿ ಧಡಕ್ಕೆಂದು ಏನೋ ಕುಸಿದ ಸದ್ದು. ಆಮೇಲೆ ಒಂದು ಕೀರಲು ಸ್ವರ. ಪೊರಕೆ ಎಸೆದು ಓಡಿದೆ.

ಐದನೇ ಮಹಡಿಯ ತಿರುವಿನಲ್ಲಿ ಲೇಲ್ಯಾಂಡ್ ಕೂತಿದ್ದ. ಪೈಜಾಮದ ಮೇಲೆ ಓವರ್‌ಕೋಟು, ಕಾಲಲ್ಲಿ ಒಂದೇ ಚಪ್ಪಲಿ. ಆರು ಗಂಟೆಗೆ ಮುಂಚೆ ಲಿಫ್ಟು ಬೇಡವೆಂದು, ಇಪ್ಪತ್ತೆಂಟು ಕಿಲೋ ನಾಯಿಯನ್ನು ಎದೆಗವುಚಿಕೊಂಡು ಏಳು ಮಹಡಿ ಇಳಿಯಲು ಹೊರಟಿದ್ದ, ಕಳೆದ ವರ್ಷವಷ್ಟೇ ಸೊಂಟದ ಕೀಲು ಬದಲಿಸಿಕೊಂಡ ಗಂಡಸು. ಎರಡು ಮಹಡಿ ಇಳಿಯುವಷ್ಟರಲ್ಲಿ ಕಾಲು ಕೈಕೊಟ್ಟಿತ್ತು. ಜಡ್ಜ್ ಅವನ ತೊಡೆಯ ಮೇಲಿತ್ತು. ಅವನ ಕೋಟು, ಪೈಜಾಮ, ಮೆಟ್ಟಿಲು ಎಲ್ಲ ಒದ್ದೆ. ತಪ್ಪು ಮಾಡಿದೆನೆಂದು ನಾಯಿ ಮುಖವನ್ನು ಅವನ ಕಂಕುಳಲ್ಲಿ ಹುದುಗಿಸಿಕೊಂಡಿತ್ತು. ಅದಕ್ಕೆ ಅವನು, “ಪರ್ವಾಗಿಲ್ಲ ಕಣೋ, ಪರ್ವಾಗಿಲ್ಲ, ನಿಂದಲ್ಲ ತಪ್ಪು, ಪಟ್ಟೀದು,” ಎನ್ನುತ್ತ ಬಿಕ್ಕುತ್ತಿದ್ದ. ಮೆಟ್ಟಿಲಸಾಲಿನ ಗೋಡೆಗಳಿಗೆ ಬಡಿದು ಆ ಸದ್ದು ಕೆಳಗಿನವರೆಗೂ ಕೇಳುತ್ತಿತ್ತು. ಹತ್ತು ನಿಮಿಷವಾದರೂ ಅದು ನಿಲ್ಲಲಿಲ್ಲ, ನಾನು ನೋಡುತ್ತ ನಿಂತೆ.

ನಾಲ್ಕು ಮೆಟ್ಟಿಲು ಮೇಲೆ ಹೇಜಲ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಲ್ಲಿ ಬಿಸ್ಕೆಟ್ಟಿನ ಹಗ್ಗ.

ಲೇಲ್ಯಾಂಡ್ ತಲೆಯೆತ್ತಿದ. “ಸದ್ದು ಶುರುವಾಗಿ ಹತ್ತು ನಿಮಿಷದ ಮೇಲಾಗಿದೆ,” ಅಂದ. “ಬರೀರಿ. ಬರೆಯೋದು ನಿಮ್ಮ ಹಕ್ಕು.”

“ಬಿಸ್ಕೆಟ್ ಯಾಕೆ ಬೊಗಳ್ತಿತ್ತು, ಗೊತ್ತಾ ನಿಮ್ಗೆ?” ಹೇಜಲ್ ಕೇಳಿದಳು.

ಅವನು ನಾಯಿಯ ಬೆನ್ನಿಗೆ ಕೋಟಿನ ಅಂಚು ಹೊದಿಸಿದ.

“ಕತ್ಲೆ ಅಂದ್ರೆ ಹೆದ್ರಿಕೆ ಅದಕ್ಕೆ. ಮೂರು ಶುಕ್ರವಾರವೂ ದೀಪ ಹಾಕೋದು ಮರ್ತು ಹೋಗಿದ್ದೆ, ವಯಸ್ಸಾಯ್ತಲ್ಲ. ನನ್ನ ಕೀಲಿ ಕಾಲೊರಸಿನ ಕೆಳಗೇ ಇರ್ತಿತ್ತು, ಮಹಡೀಲಿ ಎಲ್ರಿಗೂ ಗೊತ್ತು. ನಲವತ್ತೆರಡು ನಿಮಿಷ ಎಣಿಸ್ಕೊಂಡು ಕೂತಿದ್ರಲ್ಲ ಮಹರಾಯರು, ಎದ್ದು ಬಂದು ಒಂದು ಸ್ವಿಚ್ ಒತ್ತೋಕೆ ಅರ್ಧ ನಿಮಿಷ ಸಾಕಾಗಿತ್ತು.”

ಆಕೆಯ ದನಿ ಏರಲಿಲ್ಲ. ಲೇಲ್ಯಾಂಡ್ ನಾಯಿಯ ಕಿವಿಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದ.

“ಏಳಿ,” ಅಂದಳು ಹೇಜಲ್. “ನಾಯಿ ನಡುಗ್ತಿದೆ. ರೋಂಡಾ, ಅವರ ಆ ಕಡೆ ತೋಳು ಹಿಡ್ಕೋ.”

ಜಡ್ಜಿನ ಕುತ್ತಿಗೆಗೆ ಬಿಸ್ಕೆಟ್ಟಿನ ಹಗ್ಗ ಸಿಕ್ಕಿಸಿ, ಐದನೇ ಮಹಡಿಯ ಬಾಗಿಲು ತಳ್ಳಿ, ಮನುಷ್ಯರಿಗೆಂದೇ ಇರುವ ಮುಂದಿನ ಲಿಫ್ಟಿನ ಗುಂಡಿ ಒತ್ತಿದಳು. ಆಗ ಐದೂ ಮೂವತ್ತೈದು. ಒಳಗೆ ಲೇಲ್ಯಾಂಡನೇ ಅಂಟಿಸಿದ್ದ ‘ಪ್ರಾಣಿಗಳು ಹಿಂದಿನ ಲಿಫ್ಟಿನಲ್ಲಿ ಮಾತ್ರ’ ಎಂಬ ಚೀಟಿ ಇತ್ತು. ನಾವು ಮೂವರೂ ಅದರ ಮುಂದೆ ನಿಂತು, ನಾಯಿಯ ಜೊತೆ ಇಳಿದೆವು.

ಎಂಟು ಗಂಟೆಗೆ ಹೇಜಲ್ ತಲೆ ಬಾಚಿಕೊಂಡು, ಕನ್ನಡಕ ಹಾಕಿಕೊಂಡು ಕೆಳಗೆ ಬಂದಳು.

“ಎಲ್ಲಿ ಆ ಪುಸ್ತಕ?” ಅಂದಳು.

ಎರಡು ದಿನ ನಾನೇ ಅಂಗಲಾಚಿದ್ದೆ, ಈಗ ಕೊಡಲು ಕೈ ಬರಲಿಲ್ಲ. “ಹೇಜಲ್, ನೋಡಿ, ನೀವು ಬರೆದ್ರೆ ಮೂರಾಗುತ್ತೆ...”

“ಎಣಿಸೋಕೆ ನಂಗೂ ಬರುತ್ತೆ. ಕೊಡು.”

ನಿಂತುಕೊಂಡೇ, ನಿಧಾನವಾಗಿ ಬರೆದಳು. ಬರೆದು ಪುಸ್ತಕ ಮುಚ್ಚಿ, ಅಂಚೆಯನ್ನೂ ನೋಡದೆ ಲಿಫ್ಟಿಗೆ ಹೋದಳು. ಆಕೆಯ ಬೆನ್ನು ಮರೆಯಾದ ಮೇಲೆ ತೆರೆದು ನೋಡಿದೆ.

‘ಮಂಗಳವಾರ ಬೆಳಿಗ್ಗೆ. ಮೆಟ್ಟಿಲ ಮೇಲೆ ಅಳುವ ಸದ್ದು, ಸುಮಾರು ಇಪ್ಪತ್ತು ನಿಮಿಷ. ನಾಯಿಯದಲ್ಲ.’

ಮನುಷ್ಯರ ಸದ್ದಿಗೆ ಲೇಲ್ಯಾಂಡ್ ನಿಯಮ ಬರೆದಿರಲಿಲ್ಲ. ಆದ್ದರಿಂದ ಲೆಕ್ಕ ಎರಡಕ್ಕೇ ನಿಂತಿತು, ಜಡ್ಜ್ ಉಳಿಯಿತು. ಬುಧವಾರ ಲಿಫ್ಟಿನ ಚೀಟಿ ಇರಲಿಲ್ಲ. ಈಗ ಜಡ್ಜಿನ ಹೊತ್ತನ್ನು ದಿನಕ್ಕೆ ಹತ್ತು ನಿಮಿಷ ಸರಿಸುತ್ತಿದ್ದಾರೆ, ಇಬ್ಬರೂ ಸೇರಿ, ಹಗ್ಗ ಹೇಜಲಳ ಕೈಯಲ್ಲಿ. ನಿನ್ನೆ ನನ್ನ ಮೇಜಿನ ಮುಂದೆ ಹಾದುಹೋಗುವಾಗ ಲೇಲ್ಯಾಂಡ್ ನಿಂತು, ನನ್ನ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಹೇಳಿ ಹೋದ. ಅವನನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಆದರೆ ಆ ಪುಸ್ತಕ ನನ್ನ ಮೇಜಿನ ಮೇಲೇ ಇದೆ. ಸೋಮವಾರದ ಹಾಳೆ ಹರಿಯೋಣವೆಂದು ಎರಡು ಸಲ ಕೈ ಹಾಕಿದೆ. ಅವನು ಪುಟಪುಟಕ್ಕೂ ಅಂಕಿ ಹಾಕಿದ್ದಾನೆ, ಹರಿದರೆ ಗೊತ್ತಾಗುತ್ತದೆ. ಹಾಗಾಗಿ ತೆರೆದವರಿಗೆಲ್ಲ ಒಂದೇ ಪುಟದಲ್ಲಿ ಎರಡೂ ಕಾಣುತ್ತವೆ. ಕೆಳಗೆ ಹೇಜಲಳ ಸಾಲು. ಅದರ ಮೇಲೆ ನನ್ನ ದುಂಡು ಅಕ್ಷರ: ‘ಇಪ್ಪತ್ತಾರು ನಿಮಿಷ. ಅಸಹನೀಯ.’